ಹೇಳದೆ ಉಳಿದ ಅವಲಂಬನೆ: ‘ಮೇಕ್’ ಎಂಬ ನಿರ್ಮಾಣಸಾಧನದ ಚರಿತ್ರೆ

೧

ಕಂಪ್ಯೂಟರಿನ ಚರಿತ್ರೆಯನ್ನು ಬರೆದವರು ಯಂತ್ರಗಳ ಬೆಳೆವಣಿಗೆಯನ್ನೂ ಪ್ರೋಗ್ರಾಮಿಂಗ್ ಭಾಷೆಗಳ ಹುಟ್ಟನ್ನೂ ವಿಸ್ತಾರವಾಗಿ ವಿವರಿಸಿದ್ದಾರೆ. ಬರೆದ ಪ್ರೋಗ್ರಾಮು ಯಂತ್ರದಲ್ಲಿ ನಡೆಯುವ ಪ್ರೋಗ್ರಾಮಾಗಿ ಮಾರ್ಪಡುವ ನಡುವಣ ಕೆಲಸಕ್ಕೆ ಆ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಬಹಳ ಕಡಮೆ. ಹಬ್ಬದೂಟವನ್ನು ವರ್ಣಿಸುವವರು ಅಡಿಗೆಮನೆಯೊಳಗೆ ಇಣಿಕಿ ನೋಡುವುದು ಅಪರೂಪವಷ್ಟೆ. ಆದರೆ ತಂತ್ರಾಂಶದ ಚರಿತ್ರೆಯಲ್ಲಿ ಕೆಲವು ಮುಖ್ಯವಾದ ಪ್ರಶ್ನೆಗಳು ಈ ಅಡಿಗೆಮನೆಯಲ್ಲಿಯೇ ಹುಟ್ಟಿವೆ. ಪ್ರಕೃತ ಲೇಖನದಲ್ಲಿ ನಾವು ‘ಮೇಕ್’ ಎಂಬ ನಿರ್ಮಾಣಸಾಧನದ ಹುಟ್ಟು ಬೆಳೆವಣಿಗೆಗಳನ್ನೂ, ಅದರಲ್ಲಿ ಕಾಲಕಾಲಕ್ಕೆ ಕಂಡುಬಂದ ದೋಷಗಳನ್ನೂ, ಆ ದೋಷಗಳನ್ನು ತಿದ್ದಲು ನಡೆದ ಪ್ರಯತ್ನಗಳನ್ನೂ ವಿಚಾರಿಸಲು ಉದ್ದೇಶಿಸಿದ್ದೇವೆ.

ವಿಷಯವನ್ನು ಪ್ರವೇಶಿಸುವುದಕ್ಕೆ ಮುನ್ನ, ಕಂಪ್ಯೂಟರ್ ಶಾಸ್ತ್ರವನ್ನು ವ್ಯಾಸಂಗ ಮಾಡದಿರುವ ವಾಚಕರಿಗಾಗಿ ಎರಡು ಮಾತುಗಳನ್ನು ಹೇಳುವುದು ಅವಶ್ಯಕ. ದೊಡ್ಡ ಪ್ರೋಗ್ರಾಮನ್ನು ಒಂದೇ ಫೈಲಿನಲ್ಲಿ ಬರೆಯುವುದಿಲ್ಲ; ಹತ್ತಾರು, ನೂರಾರು, ಕೆಲವೊಮ್ಮೆ ಸಹಸ್ರಾರು ಫೈಲುಗಳಲ್ಲಿ ಹಂಚಿ ಬರೆಯುತ್ತಾರೆ. ಮನುಷ್ಯನು ಓದಬಲ್ಲ ಈ ಬರೆಹಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಇದನ್ನು ನಾವು ಇಲ್ಲಿ ಮೂಲಪಾಠವೆಂದು ಕರೆಯುತ್ತೇವೆ. ಕಂಪೈಲರು ಎಂಬ ಪ್ರೋಗ್ರಾಮು ಮೂಲಪಾಠದ ಒಂದೊಂದು ಫೈಲನ್ನೂ ಯಂತ್ರಭಾಷೆಯ ಒಂದೊಂದು ಆಬ್ಜೆಕ್ಟ್ ಫೈಲಾಗಿ ಪರಿವರ್ತಿಸುತ್ತದೆ. ಅನಂತರ ಆ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಒಟ್ಟುಗೂಡಿಸಿದಾಗ ಪ್ರೋಗ್ರಾಮು ಸಿದ್ಧವಾಗುತ್ತದೆ. ಮೂಲಪಾಠದ ಯಾವುದೋ ಒಂದು ಫೈಲನ್ನು ತಿದ್ದಿದರೆ, ಅದರಿಂದ ಹುಟ್ಟಿದ್ದನ್ನೆಲ್ಲ ಮತ್ತೆ ತಯಾರಿಸಬೇಕು. ಎಲ್ಲವನ್ನೂ ಪ್ರತಿಸಾರಿಯೂ ಮೊದಲಿನಿಂದ ತಯಾರಿಸಿದರೆ ಕಾಲ ವ್ಯರ್ಥವಾಗುತ್ತದೆ. ಬೇಕಾದಷ್ಟನ್ನು ಮಾತ್ರ ನೆನಪಿನಿಂದ ಆರಿಸಿಕೊಂಡರೆ ಯಾವುದಾದರೊಂದು ಬಿಟ್ಟುಹೋಗುತ್ತದೆ.

ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಈ ತೊಡಕು ಹೊಸದಾಗಿ ತೋರದು. ಮಾತೃಕೆಯಾದ ಓಲೆಯ ಪ್ರತಿಯಲ್ಲಿ ತಪ್ಪೊಂದನ್ನು ತಿದ್ದಿದ ಮಾತ್ರಕ್ಕೆ, ಅದರಿಂದ ಅದಕ್ಕೆ ಮುಂಚೆ ನಕಲಾದ ಪ್ರತಿಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ. ಯಾವ ಪ್ರತಿ ಯಾವುದರಿಂದ ಹುಟ್ಟಿತು, ಮಾತೃಕೆಯ ತಿದ್ದುಪಡಿಗೆ ಹಿಂದೆಯೋ ಮುಂದೆಯೋ ಎಂಬುದನ್ನು ತಿಳಿಯದೆ ಪಾಠನಿರ್ಣಯ ಸಾಧ್ಯವಿಲ್ಲ. ಮೇಕ್ ಸಾಧನವು ಫೈಲುಗಳ ವಿಷಯದಲ್ಲಿ ಕೇಳುವುದೂ ಇದೇ ಎರಡು ಪ್ರಶ್ನೆಗಳನ್ನು. ನಮ್ಮ ಅಭಿಪ್ರಾಯದಲ್ಲಿ ಈ ಸಾಧನದ ಚರಿತ್ರೆಯ ಸೂತ್ರ ಒಂದೇ. ಅದರಲ್ಲಿ ಕಂಡ ದೋಷಗಳಲ್ಲಿ ಗುರುತರವಾದವೆಲ್ಲ ಬರೆಯದೆ ಬಿಟ್ಟ ಯಾವುದೋ ಅವಲಂಬನೆಯಿಂದ ಹುಟ್ಟಿದವು. ಅದಕ್ಕೆ ಆದ ಸುಧಾರಣೆಗಳು ಬಹುಪಾಲು ಬರೆಯದೆ ಬಿಟ್ಟದ್ದನ್ನು ಬರೆಹಕ್ಕೆ ತರುವ ಪ್ರಯತ್ನಗಳು. ಈ ಮಾತನ್ನು ಮುಂದೆ ನಿದರ್ಶನಗಳಿಂದ ಸಮರ್ಥಿಸುತ್ತೇವೆ.

೨

ಮೇಕ್ ಹುಟ್ಟಿದ್ದು ೧೯೭೬ರ ಏಪ್ರಿಲ್ ತಿಂಗಳಿನಲ್ಲಿ, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಬೆಲ್ ಪ್ರಯೋಗಶಾಲೆಯಲ್ಲಿ. ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯೂ ಸಿ ಎಂಬ ಭಾಷೆಯೂ ರೂಪುಗೊಂಡದ್ದು ಅದೇ ಪ್ರಯೋಗಶಾಲೆಯಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ಸ್ಟುಅರ್ಟ್ ಫೆಲ್ಡ್‌ಮನ್ ಅವರು ಇದರ ಕರ್ತೃ. ಈ ಸಾಧನ ಹುಟ್ಟಿದ ಸಂದರ್ಭವನ್ನು ಫೆಲ್ಡ್‌ಮನ್ನರೇ ಹೇಳಿದ್ದಾರೆ; ಅದು ೨೦೦೩ರಲ್ಲಿ ಎರಿಕ್ ರೇಮಂಡ್ ಅವರು ಪ್ರಕಟಿಸಿದ ಯೂನಿಕ್ಸ್ ಕುರಿತ ಗ್ರಂಥದಲ್ಲಿ ಸೇರಿದೆ. ಕಾಲು ಶತಮಾನದ ಬಳಿಕ ಹೇಳಿದ ನೆನಪೆಂಬುದನ್ನು ಮರೆಯದೆ ಅದನ್ನು ಓದಬೇಕು. ಆದರೂ ಒಳವಿವರಗಳು ಪರಸ್ಪರ ಹೊಂದಿಕೊಳ್ಳುವುದರಿಂದ ಅದನ್ನು ಸಂದೇಹಿಸಲು ಕಾರಣ ಕಾಣದು.

ಯಾಕ್ ಎಂಬ ಪ್ರಸಿದ್ಧ ಸಾಧನವನ್ನು ರಚಿಸಿದ ಸ್ಟೀವ್ ಜಾನ್ಸನ್ ಒಂದು ದಿನ ಫೆಲ್ಡ್‌ಮನ್ನರ ಕೊಠಡಿಗೆ ಬಹಳ ಬೇಸರದಿಂದ ಬಂದರು. ತಪ್ಪೇ ಇಲ್ಲದ ಪ್ರೋಗ್ರಾಮಿನಲ್ಲಿ ತಪ್ಪನ್ನು ಹುಡುಕುತ್ತ ಅವರು ಆ ದಿನದ ಬೆಳಗನ್ನೆಲ್ಲ ಕಳೆದಿದ್ದರು. ಮೂಲಪಾಠದಲ್ಲಿ ದೋಷವನ್ನು ಮೊದಲೇ ತಿದ್ದಿಯಾಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡುವುದು ಮಾತ್ರ ಮರೆತುಹೋಗಿತ್ತು. ಹಳೆಯ ಆಬ್ಜೆಕ್ಟ್ ಫೈಲೇ ಪ್ರೋಗ್ರಾಮಿನೊಳಗೆ ಸೇರುತ್ತಿದ್ದುದರಿಂದ ಹಳೆಯ ತಪ್ಪೇ ಮರಳಿ ಮರಳಿ ಕಾಣಿಸಿಕೊಳ್ಳುತ್ತಿತ್ತು. ಹಿಂದಿನ ಸಂಜೆ ಫೆಲ್ಡ್‌ಮನ್ನರೂ ಇಂಥದೇ ಪೇಚಿಗೆ ಸಿಕ್ಕಿದ್ದರು. ಇಬ್ಬರೂ ಮಾತನಾಡುತ್ತಿದ್ದಾಗ, ಈ ಕೆಲಸವನ್ನು ಯಂತ್ರಕ್ಕೇ ವಹಿಸಬಾರದೇಕೆ ಎಂಬ ಯೋಚನೆ ಮೂಡಿತು. ಫೈಲುಗಳ ಸಂಬಂಧಗಳನ್ನು ತಾನೇ ಶೋಧಿಸುವ ದೊಡ್ಡ ವಿಶ್ಲೇಷಕವೊಂದನ್ನು ರಚಿಸಬೇಕೆಂಬುದು ಮೊದಲ ಆಲೋಚನೆ. ಅದು ಕುಗ್ಗಿ ಸರಳವಾಗಿ ಆ ವಾರದ ಕೊನೆಯ ರಜೆಯಲ್ಲಿಯೇ ಮೇಕ್ ಆಯಿತು.

ಈ ಸರಳೀಕರಣವನ್ನು ನಾವು ಲಕ್ಷಿಸಬೇಕು. ಸಂಬಂಧಗಳನ್ನು ಕಂಡುಹಿಡಿಯುವ ಭಾರವನ್ನು ಸಾಧನದಿಂದ ತೆಗೆದು ಮನುಷ್ಯನ ಮೇಲೆ ಹೊರಿಸಲಾಯಿತು. ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಪ್ರೋಗ್ರಾಮು ಬರೆಯುವವನು ಮೇಕ್‌ಫೈಲ್ ಎಂಬ ಫೈಲಿನಲ್ಲಿ ಬರೆದಿಡಬೇಕು; ಬರೆದದ್ದನ್ನು ಸಾಧನವು ನಂಬಿ ನಡೆಯುತ್ತದೆ. ಅದರ ಬಲ ಇಲ್ಲಿದೆ. ಮುಂದಿನ ತೊಡಕುಗಳೆಲ್ಲಕ್ಕೂ ಬೀಜ ಸಹ ಇಲ್ಲಿಯೇ ಇದೆ.

ಫೆಲ್ಡ್‌ಮನ್ನರು ಈ ಸಾಧನವನ್ನು ವಿವರಿಸಿ ಬರೆದ ಪ್ರಬಂಧವು ೧೯೭೯ರಲ್ಲಿ ‘ಸಾಫ್ಟ್‌ವೇರ್: ಪ್ರಾಕ್ಟೀಸ್ ಅಂಡ್ ಎಕ್ಸ್‌ಪೀರಿಯೆನ್ಸ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿಯೂ ಮೇಕ್ ಇತ್ತು. ಪ್ರಬಂಧದ ಶೀರ್ಷಿಕೆಯಲ್ಲಿ ಇದನ್ನು ಪ್ರೋಗ್ರಾಮುಗಳನ್ನು ಕಟ್ಟುವ ಸಾಧನವೆಂದು ಕರೆದಿಲ್ಲ. ಪ್ರೋಗ್ರಾಮುಗಳನ್ನು ಸುಸ್ಥಿತಿಯಲ್ಲಿ ಕಾಪಾಡಿಕೊಂಡು ಬರುವ ಸಾಧನವೆಂದು ಕರೆದಿದೆ. ಒಮ್ಮೆ ಕಟ್ಟಿ ಮುಗಿಸುವ ಕೆಲಸ ಇದಲ್ಲ, ಕೆರೆಯ ಏರಿಯಂತೆ ಸದಾ ನೋಡಿಕೊಳ್ಳಬೇಕಾದದ್ದು ಎಂಬ ಭಾವನೆ ಆ ಹೆಸರಿನಲ್ಲಿಯೇ ಇದೆ. ಈ ಕೃತಿಗಾಗಿ ಎ.ಸಿ.ಎಂ. ಎಂಬ ಕಂಪ್ಯೂಟರ್ ವಿದ್ವಾಂಸರ ಸಂಸ್ಥೆಯು ೨೦೦೩ನೆಯ ವರ್ಷದ ತಂತ್ರಾಂಶ ಪ್ರಶಸ್ತಿಯನ್ನು ಫೆಲ್ಡ್‌ಮನ್ನರಿಗೆ ನೀಡಿತು.

೩

ಮೇಕ್‌ಫೈಲಿನ ರಚನೆಯನ್ನು ಇಲ್ಲಿ ಸಂಗ್ರಹವಾಗಿ ವಿವರಿಸಬಹುದು. ಅದರಲ್ಲಿ ಬರೆಯುವ ಒಂದೊಂದು ನಿಯಮಕ್ಕೂ ಮೂರು ಅಂಗಗಳು: ತಯಾರಿಸಬೇಕಾದ ಗುರಿ, ಆ ಗುರಿ ಅವಲಂಬಿಸಿರುವ ಫೈಲುಗಳು, ತಯಾರಿಸಲು ಕೊಡಬೇಕಾದ ಆಜ್ಞೆಗಳು. ಮೇಕ್ ಮೊದಲು ಈ ನಿಯಮಗಳನ್ನೆಲ್ಲ ಓದಿ ವಂಶವೃಕ್ಷದಂಥ ಒಂದು ಜಾಲವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತದೆ ಎನ್ನಬಹುದು. ಅನಂತರ ಒಂದೊಂದು ಗುರಿಯನ್ನೂ ಅದರ ಅವಲಂಬನೆಗಳೊಡನೆ ಹೋಲಿಸುತ್ತದೆ. ಅವಲಂಬನೆಯ ಫೈಲು ಗುರಿಗಿಂತ ಈಚೆಗೆ ಬದಲಾಗಿದ್ದರೆ ಗುರಿಯು ಹಳತಾಯಿತೆಂದು ತಿಳಿದು ಆಜ್ಞೆಗಳನ್ನು ನಡೆಸುತ್ತದೆ. ಇಲ್ಲವಾದರೆ ಅದನ್ನು ಮುಟ್ಟುವುದಿಲ್ಲ. ಫೈಲುಗಳ ಒಳಗೆ ಏನಿದೆಯೆಂಬುದನ್ನು ಅದು ನೋಡುವುದಿಲ್ಲ. ಫೈಲು ಕೊನೆಯ ಸಾರಿ ಬದಲಾದ ಕಾಲವನ್ನು ಯೂನಿಕ್ಸ್ ವ್ಯವಸ್ಥೆ ಹೇಗೂ ಗುರುತಿಟ್ಟಿರುತ್ತದೆಯಾದ್ದರಿಂದ ಬೇರೆ ಲೆಕ್ಕದ ಪುಸ್ತಕವೇ ಬೇಡವಾಯಿತು.

ಇಷ್ಟು ಸುಂದರವಾದ ಯೋಜನೆಯಲ್ಲಿ ಮೊದಲನೆಯ ಕುಂದು ಬರೆವಣಿಗೆಯ ರೂಪದಲ್ಲಿಯೇ ಸೇರಿಕೊಂಡಿತು. ಆಜ್ಞೆಯ ಸಾಲು ‘ಟ್ಯಾಬ್’ ಎಂಬ ಅಕ್ಷರದಿಂದಲೇ ಪ್ರಾರಂಭವಾಗಬೇಕು. ಅಷ್ಟೇ ಅಗಲದ ತೆರಪುಗಳನ್ನು ಬಿಟ್ಟರೆ ಸಾಲದು. ಕಣ್ಣಿಗೆ ಎರಡೂ ಒಂದೇ. ಸಾಧನಕ್ಕೆ ಎರಡೂ ಬೇರೆ. ಫೆಲ್ಡ್‌ಮನ್ನರು ಆಗ ಹೊಸದಾಗಿದ್ದ ಲೆಕ್ಸ್ ಎಂಬ ಸಾಧನವನ್ನು ಮೊದಲ ಸಾರಿ ಬಳಸಿ ಕೈ ಸುಟ್ಟುಕೊಂಡು, ಕಡೆಗೆ ಸುಲಭವಾದ ಈ ಗುರುತನ್ನು ಆರಿಸಿಕೊಂಡರಂತೆ. ಕೆಲವು ವಾರಗಳಲ್ಲಿ ಸುಮಾರು ಹನ್ನೆರಡು ಜನ, ಬಹುತೇಕ ಸ್ನೇಹಿತರೇ, ಮೇಕನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆಯಾದೀತೆಂಬ ದಾಕ್ಷಿಣ್ಯದಿಂದ ಆ ನಿಯಮವನ್ನು ಬದಲಿಸಲಿಲ್ಲ. ಹನ್ನೆರಡು ಜನರ ಮೇಲಣ ದಾಕ್ಷಿಣ್ಯಕ್ಕಾಗಿ ಉಳಿದ ಆ ನಿಯಮದಿಂದ ಮುಂದೆ ಅಸಂಖ್ಯ ವಿದ್ಯಾರ್ಥಿಗಳು ತೊಂದರೆಪಟ್ಟರು. ಗ್ನು ಮೇಕ್ ಎಂಬ ರೂಪದಲ್ಲಿ ಈ ತಪ್ಪನ್ನು ಕಂಡಾಗ, ಎಂಟು ತೆರಪುಗಳ ಬದಲು ಟ್ಯಾಬ್ ಬರೆಯಬೇಕೆಂದಿದ್ದಿರೋ ಎಂದು ಕೇಳುವ ಎಚ್ಚರಿಕೆಯ ಮಾತನ್ನು ಸೇರಿಸಿದ್ದಾರೆ. ಟ್ಯಾಬಿಗೆ ಬದಲಾಗಿ ಬೇರೆ ಅಕ್ಷರವನ್ನು ಗೊತ್ತುಮಾಡಿಕೊಳ್ಳಲು ಅನುಮತಿ ದೊರೆತದ್ದು ೨೦೧೦ರಲ್ಲಿ ಹೊರಬಂದ ೩.೮೨ನೆಯ ಆವೃತ್ತಿಯಲ್ಲಿ, ಎಂದರೆ ಮೂವತ್ತನಾಲ್ಕು ವರ್ಷಗಳ ಬಳಿಕ.

ಟ್ಯಾಬಿನ ತೊಂದರೆ ಕಿರುಕುಳವೇ ಹೊರತು ಅಪಾಯವಲ್ಲ. ತಪ್ಪಿದ್ದರೆ ಸಾಧನವು ಕೂಡಲೇ ನಿಂತುಬಿಡುತ್ತದೆ. ನಿಜವಾದ ಅಪಾಯವು ನಿಲ್ಲದೆ ಮುಂದುವರಿಯುವ ತಪ್ಪುಗಳಲ್ಲಿದೆ. ಅವುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕಾಲದ ಗುರುತು ಸುಳ್ಳಾಗುವುದು. ೧೯೮೦ರ ದಶಕದಲ್ಲಿ ಒಂದು ಯಂತ್ರದ ಫೈಲುಗಳನ್ನು ಜಾಲದ ಮೂಲಕ ಮತ್ತೊಂದು ಯಂತ್ರದಿಂದ ಬಳಸುವ ಪದ್ಧತಿ ಹರಡಿತು. ಎರಡು ಯಂತ್ರಗಳ ಗಡಿಯಾರಗಳು ಕೂಡದಿದ್ದರೆ, ಈಗತಾನೆ ತಿದ್ದಿದ ಫೈಲು ಹಳೆಯದಾಗಿಯೋ ನಾಳೆಯದಾಗಿಯೋ ತೋರುತ್ತದೆ. ಗಡಿಯಾರಗಳು ಹೊಂದಿಲ್ಲ, ನಿರ್ಮಾಣ ಅಪೂರ್ಣವಾಗಿರಬಹುದು ಎಂಬ ಗ್ನು ಮೇಕಿನ ಎಚ್ಚರಿಕೆ ಈ ಸಂದರ್ಭಕ್ಕಾಗಿಯೇ ಇರುವುದು.

ಎರಡನೆಯದು ಅವಲಂಬನೆಯನ್ನು ಬರೆಯದೆ ಬಿಡುವುದು. ಸಿ ಭಾಷೆಯಲ್ಲಿ ಅನೇಕ ಫೈಲುಗಳಿಗೆ ಸಮಾನವಾದ ವ್ಯಾಖ್ಯೆಗಳನ್ನು ಹೆಡರ್ ಎಂಬ ಪ್ರತ್ಯೇಕ ಫೈಲಿನಲ್ಲಿ ಬರೆಯುತ್ತಾರೆ. ನೌಕರನ ವಿವರದಲ್ಲಿ ಮೂರನೆಯ ಅಂಶ ವಯಸ್ಸು ಎಂದು ಹೆಡರಿನಲ್ಲಿದೆಯೆಂದಿಟ್ಟುಕೊಳ್ಳೋಣ. ಅದನ್ನು ತಿದ್ದಿ ಮೂರನೆಯದನ್ನು ವೇತನವೆಂದು ಮಾಡಿದೆವು. ಮೇಕ್‌ಫೈಲಿನಲ್ಲಿ ಒಂದು ಫೈಲಿಗೆ ಈ ಹೆಡರನ್ನು ಅವಲಂಬನೆಯೆಂದು ಬರೆದಿದ್ದು ಇನ್ನೊಂದಕ್ಕೆ ಬರೆದಿಲ್ಲವಾದರೆ, ಮೊದಲನೆಯದು ಮಾತ್ರ ಮತ್ತೆ ಕಂಪೈಲಾಗುತ್ತದೆ. ಒಂದು ಭಾಗ ವೇತನವನ್ನು ಬರೆದಲ್ಲಿ ಮತ್ತೊಂದು ಭಾಗ ವಯಸ್ಸನ್ನು ಓದುತ್ತದೆ. ಪ್ರೋಗ್ರಾಮು ಯಾವ ದೂರೂ ಇಲ್ಲದೆ ಸಿದ್ಧವಾಗಿ, ನಡೆಯುವಾಗ ಮಾತ್ರ ಅಸಂಬದ್ಧವಾದ ಫಲವನ್ನು ಕೊಡುತ್ತದೆ. ಮೂಲಪಾಠವನ್ನು ಎಷ್ಟು ಪರಿಶೀಲಿಸಿದರೂ ಅದರಲ್ಲಿ ತಪ್ಪು ಸಿಕ್ಕುವುದಿಲ್ಲ. ಜಾನ್ಸನ್ನರ ಬೆಳಗು ಹೀಗೆ ಮತ್ತೆ ಮರಳಿತು. ಈ ಸಾರಿ ಸಾಧನದ ಭರವಸೆಯೊಡನೆ ಮರಳಿದ್ದರಿಂದ ಹೆಚ್ಚು ಮೋಸದ್ದಾಯಿತು. ಇದಕ್ಕೆ ಪರಿಹಾರವಾಗಿ, ಯಾವ ಫೈಲು ಯಾವ ಹೆಡರುಗಳನ್ನು ಸೇರಿಸಿಕೊಂಡಿತೆಂಬ ಪಟ್ಟಿಯನ್ನು ಕಂಪೈಲರೇ ಬರೆದುಕೊಡುವ ಏರ್ಪಾಡು ಬಂದಿತು. ಮೊದಲು ಕೈಬಿಟ್ಟಿದ್ದ ವಿಶ್ಲೇಷಕದ ಕೆಲಸವನ್ನು ಹೀಗೆ ಕಂಪೈಲರು ವಹಿಸಿಕೊಂಡಿತು.

೪

ಇಷ್ಟರವರೆಗೆ ನಾವು ಸಾಧನದ ಗುಣದೋಷಗಳನ್ನು ಹೇಳಿದೆವು. ಅದರ ಒಡೆತನದ ವಿಚಾರವೂ ಈ ಚರಿತ್ರೆಯ ಅಂಗವೇ. ಬೆಲ್ ಪ್ರಯೋಗಶಾಲೆಯ ಒಡೆಯರಾದ ಎ.ಟಿ. ಅಂಡ್ ಟಿ. ಸಂಸ್ಥೆಯು ೧೯೫೬ರ ನ್ಯಾಯಾಲಯದ ತೀರ್ಪಿನ ಪ್ರಕಾರ ದೂರವಾಣಿಯ ಹೊರತು ಬೇರೆ ವ್ಯಾಪಾರವನ್ನು ಕೈಕೊಳ್ಳುವಂತಿರಲಿಲ್ಲ. ಆದುದರಿಂದ ಯೂನಿಕ್ಸಿನ ಮೂಲಪಾಠವು ಲೈಸೆನ್ಸಿನ ಮೇಲೆ ವಿಶ್ವವಿದ್ಯಾನಿಲಯಗಳಿಗೆ ಸುಲಭವಾಗಿ ದೊರೆಯುತ್ತಿತ್ತು. ೧೯೮೪ರಲ್ಲಿ ಆ ಸಂಸ್ಥೆ ವಿಭಜಿತವಾದ ಮೇಲೆ ನಿರ್ಬಂಧವು ಸಡಿಲಿ ಯೂನಿಕ್ಸ್ ಮಾರಾಟದ ಸರಕಾಯಿತು. ಅದಕ್ಕೆ ಸ್ವಲ್ಪ ಹಿಂದೆ, ೧೯೮೩ರ ಸೆಪ್ಟೆಂಬರಿನಲ್ಲಿ, ರಿಚರ್ಡ್ ಸ್ಟಾಲ್‌ಮನ್ ಅವರು ಎಲ್ಲರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ಗ್ನು ಎಂಬ ವ್ಯವಸ್ಥೆಯನ್ನು ಕಟ್ಟುವುದಾಗಿ ಘೋಷಿಸಿದ್ದರು. ಅಂಥ ವ್ಯವಸ್ಥೆಗೆ ಸ್ವತಂತ್ರವಾದ ಮೇಕ್ ಅವಶ್ಯವಾಗಿತ್ತು. ಸ್ಟಾಲ್‌ಮನ್ ಮತ್ತು ರೋಲಂಡ್ ಮೆಕ್‌ಗ್ರಾತ್ ಇದನ್ನು ರಚಿಸಿದರು, ೩.೭೬ನೆಯ ಆವೃತ್ತಿಯಿಂದ ಈಚೆಗೆ ಪಾಲ್ ಸ್ಮಿತ್ ಅವರು ಅದರ ಪೋಷಣೆಯನ್ನು ನಡೆಸುತ್ತ ಬಂದಿದ್ದಾರೆ.

ಸ್ವಾತಂತ್ರ್ಯದೊಡನೆ ಒಂದು ಹೊಸ ಕಷ್ಟವೂ ಬಂದಿತು. ಮುಕ್ತ ತಂತ್ರಾಂಶವನ್ನು ಮೂಲಪಾಠದ ರೂಪದಲ್ಲಿ ಹಂಚಿದಾಗ, ಪಡೆದವನು ತನ್ನ ಯಂತ್ರದಲ್ಲಿ ತಾನೇ ಅದನ್ನು ಕಟ್ಟಿಕೊಳ್ಳಬೇಕು. ಆಗ ಯೂನಿಕ್ಸಿನ ರೂಪಾಂತರಗಳು ಅನೇಕವಾಗಿದ್ದು, ಒಂದರಲ್ಲಿ ಇದ್ದ ಸೌಕರ್ಯ ಮತ್ತೊಂದರಲ್ಲಿ ಇರುತ್ತಿರಲಿಲ್ಲ. ಮೇಕಿನ ಭಾಷೆಯೂ ಗ್ನು ಪರಂಪರೆಯಲ್ಲಿ ಒಂದು ರೀತಿ, ಬರ್ಕ್‌ಲಿಯ ಪರಂಪರೆಯಲ್ಲಿ ಮತ್ತೊಂದು ರೀತಿಯಾಗಿ ಕವಲೊಡೆಯಿತು. ೧೯೯೧ರಲ್ಲಿ ಡೇವಿಡ್ ಮೆಕೆಂಜಿ ಅವರು ಪ್ರಾರಂಭಿಸಿದ ಆಟೋಕಾನ್ಫ್ ಎಂಬ ಸಾಧನವು ಈ ಕಷ್ಟಕ್ಕೆ ಉತ್ತರ. ಎಂ೪ ಎಂಬ ಭಾಷೆಯಲ್ಲಿ ಬರೆದ ಸಣ್ಣ ಸೂಚನೆಗಳಿಂದ ಅದು ‘ಕಾನ್ಫಿಗರ್’ ಎಂಬ ಬಹು ದೀರ್ಘವಾದ ಆಜ್ಞಾಪತ್ರವನ್ನು ತಾನೇ ಬರೆಯುತ್ತದೆ. ಆ ಆಜ್ಞಾಪತ್ರವು ಪಡೆದವನ ಯಂತ್ರವನ್ನು ಪರೀಕ್ಷಿಸಿ ಅದಕ್ಕೆ ತಕ್ಕ ಮೇಕ್‌ಫೈಲನ್ನು ಬರೆಯುತ್ತದೆ. ಆ ಮೇಕ್‌ಫೈಲಿನಂತೆ ಮೇಕ್ ನಡೆಯುತ್ತದೆ.

ಈ ಏರ್ಪಾಡಿನ ಎರಡು ಲಕ್ಷಣಗಳನ್ನು ವಾಚಕರು ನೆನಪಿನಲ್ಲಿಡಬೇಕು. ಸಹಸ್ರಾರು ಸಾಲುಗಳ ಆ ಆಜ್ಞಾಪತ್ರವನ್ನು ಮನುಷ್ಯನು ಬರೆದದ್ದಲ್ಲವಾದ್ದರಿಂದ ಅದನ್ನು ಓದುವ ಮನುಷ್ಯನೂ ಇಲ್ಲ, ಇದು ಒಂದು. ಪಡೆದವನ ಬಳಿ ಆಟೋಕಾನ್ಫ್ ಇಲ್ಲದಿದ್ದರೂ ಕೆಲಸ ನಡೆಯಲೆಂದು, ಹೀಗೆ ಹುಟ್ಟಿದ ಫೈಲುಗಳನ್ನು ಬಿಡುಗಡೆಯ ಗಂಟಿನಲ್ಲಿಯೇ ಕಟ್ಟಿ ಕಳುಹಿಸುವ ರೂಢಿ ಬೆಳೆಯಿತು, ಇದು ಇನ್ನೊಂದು. ಇದರಿಂದ ಕರ್ತೃಗಳು ಕೂಡಿ ಕೆಲಸ ಮಾಡುವ ಸಾರ್ವಜನಿಕ ಭಂಡಾರದಲ್ಲಿ ಇರುವ ಪಾಠವೂ, ಬಿಡುಗಡೆಯ ಗಂಟಿನಲ್ಲಿ ಇರುವ ಪಾಠವೂ ಅಕ್ಷರಶಃ ಒಂದೇ ಆಗಿರಬೇಕಾದ ನಿಯಮವಿಲ್ಲದಂತಾಯಿತು. ಅನುಕೂಲಕ್ಕಾಗಿ ಮಾಡಿದ ಈ ವ್ಯವಸ್ಥೆಯ ಬೆಲೆ ಮೂರು ದಶಕಗಳ ಮೇಲೆ ತಿಳಿದುಬಂದಿತು. ಅದನ್ನು ಮುಂದೆ ಹೇಳುತ್ತೇವೆ.

೫

ತಂತ್ರಾಂಶಗಳು ದೊಡ್ಡವಾದಂತೆ ಮೇಕನ್ನು ಬಳಸುವ ಕ್ರಮದಲ್ಲಿಯೇ ಮತ್ತೊಂದು ದೋಷ ಬೆಳೆಯಿತು. ಕೆಲಸವನ್ನು ಹಲವು ಕೋಶಗಳಾಗಿ ವಿಂಗಡಿಸಿ, ಒಂದೊಂದು ಕೋಶಕ್ಕೂ ಒಂದು ಮೇಕ್‌ಫೈಲನ್ನಿಟ್ಟು, ಮೇಲಿನ ಮೇಕ್ ಕೆಳಗಿನ ಮೇಕುಗಳನ್ನು ಒಂದಾದಮೇಲೊಂದಾಗಿ ಕರೆಯುವ ಪದ್ಧತಿ ಎಲ್ಲೆಡೆಯೂ ರೂಢವಾಯಿತು. ಪೀಟರ್ ಮಿಲ್ಲರ್ ಎಂಬವರು ೧೯೯೮ರಲ್ಲಿ ಆಸ್ಟ್ರೇಲಿಯದ ಯೂನಿಕ್ಸ್ ಬಳಕೆದಾರರ ಸಂಘದ ಪತ್ರಿಕೆಯಲ್ಲಿ ಈ ಪದ್ಧತಿಯನ್ನು ಖಂಡಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಒಂದೊಂದು ಮೇಕಿಗೂ ತನ್ನ ಕೋಶದ ಸಂಬಂಧಗಳು ಮಾತ್ರ ಗೊತ್ತು. ಕೋಶಕೋಶಗಳ ನಡುವಣ ಸಂಬಂಧಗಳು ಯಾರ ಲೆಕ್ಕದಲ್ಲಿಯೂ ಇಲ್ಲ. ಅದರ ಫಲವಾಗಿ ಬೇಕಾದದ್ದು ನಿರ್ಮಾಣವಾಗುವುದಿಲ್ಲ, ಬೇಡವಾದದ್ದು ನಿರ್ಮಾಣವಾಗುತ್ತದೆ. ದೋಷ ಮೇಕಿನದಲ್ಲ, ಅದಕ್ಕೆ ಅರ್ಧ ವಿಷಯವನ್ನು ಮಾತ್ರ ಹೇಳಿದವರದು ಎಂಬುದು ಮಿಲ್ಲರರ ವಾದದ ತಿರುಳು. ಇಡೀ ಜಾಲವನ್ನು ಒಂದೇ ಮೇಕಿಗೆ ತಿಳಿಸಬೇಕೆಂದು ಅವರು ವಿಧಿಸಿದರು.

ಮೇಕಿನಿಂದ ಬೇಸತ್ತವರು ಬೇರೆ ಸಾಧನಗಳನ್ನೂ ರಚಿಸಿದರು. ಜೇಮ್ಸ್ ಡಂಕನ್ ಡೇವಿಡ್‌ಸನ್ ಅವರು ಜಾವಾ ಭಾಷೆಗಾಗಿ ರಚಿಸಿದ ಆಂಟ್ ೨೦೦೦ದಲ್ಲಿ ಸ್ವತಂತ್ರವಾಗಿ ಬಿಡುಗಡೆಯಾಯಿತು. ಟ್ಯಾಬಿನ ಕಾಟವಿಲ್ಲದಿರಲೆಂದು ಅವರು ಎಕ್ಸ್‌ಎಂಎಲ್ ರೂಪವನ್ನು ಆರಿಸಿದರು; ಆ ಆಯ್ಕೆಯೂ ತೊಡಕಿನದೇ ಆಯಿತೆಂದು ಮುಂದೆ ಅವರೇ ಒಪ್ಪಿಕೊಂಡರು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಪೋಷಿಸಿದ ಚಿತ್ರವಿಶ್ಲೇಷಣೆಯ ಯೋಜನೆಯೊಂದರ ಅಂಗವಾಗಿ ಕಿಟ್‌ವೇರ್ ಸಂಸ್ಥೆಯಲ್ಲಿ ಸಿಮೇಕ್ ಹುಟ್ಟಿತು. ಅದು ಬೇರೆ ಬೇರೆ ವ್ಯವಸ್ಥೆಗಳಿಗೆ ತಕ್ಕ ನಿರ್ಮಾಣಫೈಲುಗಳನ್ನು ಬರೆದುಕೊಡುತ್ತದೆ. ಸ್ಟೀವನ್ ನೈಟ್ ಅವರ ಸ್ಕಾನ್ಸ್ ಸಾಧನವು ಕಾಲದ ಗುರುತಿಗೆ ಬದಲಾಗಿ ಫೈಲಿನ ಒಳಗಿನ ಪಾಠದಿಂದ ಲೆಕ್ಕಹಾಕಿದ ಮುದ್ರೆಯನ್ನು ನಂಬುತ್ತದೆ. ಪಾಠ ಬದಲಾಗದಿದ್ದರೆ ಮುದ್ರೆಯೂ ಬದಲಾಗದು. ಗಡಿಯಾರದ ಹಂಗು ಅದಕ್ಕಿಲ್ಲ. ಇವಾನ್ ಮಾರ್ಟಿನ್ ಅವರ ನಿಂಜಾ ವೇಗವನ್ನೇ ಗುರಿಯಾಗಿಸಿಕೊಂಡಿತು. ಮೂವತ್ತು ಸಹಸ್ರಕ್ಕೂ ಹೆಚ್ಚು ಫೈಲುಗಳುಳ್ಳ ಕ್ರೋಮಿಯಂ ಎಂಬ ತಂತ್ರಾಂಶದಲ್ಲಿ ಒಂದು ಫೈಲನ್ನು ತಿದ್ದಿದರೆ, ಕೆಲಸ ಪ್ರಾರಂಭವಾಗುವುದಕ್ಕೇ ಹಿಂದಿನ ಸಾಧನಗಳಿಗೆ ೧೦ ಸೆಕೆಂಡು ಹಿಡಿಯುತ್ತಿತ್ತು. ನಿಂಜಾದಿಂದ ಅದು ಒಂದು ಸೆಕೆಂಡಿಗಿಂತ ಕಡಮೆಯಾಯಿತು. ೨೦೧೫ರಲ್ಲಿ ಗೂಗಲ್ ಸಂಸ್ಥೆ ಮುಕ್ತಗೊಳಿಸಿದ ಬೇಜೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದೊಂದು ಕೆಲಸವನ್ನೂ ಅದು ಪ್ರತ್ಯೇಕವಾದ ಆವರಣದೊಳಗೆ ನಡೆಸಬಲ್ಲದು. ಬರೆದು ಹೇಳದ ಫೈಲು ಆ ಆವರಣದಲ್ಲಿ ದೊರೆಯುವುದೇ ಇಲ್ಲವಾದ್ದರಿಂದ ನಿರ್ಮಾಣ ಅಲ್ಲಿಯೇ ನಿಲ್ಲುತ್ತದೆ. ಮೇಕ್‌ಫೈಲನ್ನು ಬರೆಯುವವನು ಪ್ರಾಮಾಣಿಕನೆಂದು ಮೇಕ್ ನಂಬಿತ್ತು. ಬೇಜೆಲ್ ಸಾಕ್ಷ್ಯವನ್ನು ಕೇಳುತ್ತದೆ.

೬

ಮೇಕ್ ಸಹ ನಿಂತಲ್ಲಿಯೇ ನಿಲ್ಲಲಿಲ್ಲ. ಅದರ ದೋಷಗಳನ್ನು ಶೋಧಿಸುವ ಉಪಾಯಗಳು ಅದರೊಳಗೇ ಬೆಳೆದುವು. ಆಜ್ಞೆಗಳನ್ನು ನಡೆಸದೆ ಏನು ನಡೆಸಬೇಕೆಂದಿದೆಯೋ ಅದನ್ನು ಮಾತ್ರ ಬರೆದು ತೋರಿಸೆಂದು ಕೇಳಬಹುದು. ಯಾವ ಗುರಿಯನ್ನು ಏಕೆ ಹಳತೆಂದು ಭಾವಿಸಿತೆಂಬುದನ್ನು ಹೆಜ್ಜೆಹೆಜ್ಜೆಗೂ ಹೇಳಿಸಬಹುದು. ಆದರೂ ಬಹಳ ಜನ ಇವುಗಳ ಗೋಜಿಗೆ ಹೋಗದೆ, ನಿರ್ಮಿತವಾದದ್ದೆಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಿಸುವುದನ್ನೇ ರೂಢಿಮಾಡಿಕೊಂಡರು. ಸಾಧನದ ಲೆಕ್ಕದಲ್ಲಿ ನಂಬಿಕೆ ತಪ್ಪಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅನೇಕ ಸಂಸ್ಕಾರಕಗಳುಳ್ಳ ಯಂತ್ರಗಳು ಬಂದ ಮೇಲೆ ಬರೆಯದೆ ಬಿಟ್ಟ ಅವಲಂಬನೆಗಳು ಇನ್ನೊಂದು ರೂಪದಲ್ಲಿ ಬೈಲಿಗೆ ಬಂದುವು. ಒಂದೊಂದಾಗಿ ಕೆಲಸ ನಡೆಯುತ್ತಿದ್ದಾಗ, ಮೇಕ್‌ಫೈಲಿನಲ್ಲಿ ಮೊದಲು ಬರೆದದ್ದು ಮೊದಲು ಆಗುತ್ತಿತ್ತು. ಎರಡನೆಯದಕ್ಕೆ ಮೊದಲನೆಯದು ಬೇಕೆಂದು ಯಾರೂ ಬರೆಯದಿದ್ದರೂ ಬರೆವಣಿಗೆಯ ಕ್ರಮವೇ ಅದನ್ನು ಕಾಪಾಡುತ್ತಿತ್ತು. ಹಲವು ಕೆಲಸಗಳನ್ನು ಏಕಕಾಲದಲ್ಲಿ ನಡೆಸಿದಾಗ ಈ ಆಕಸ್ಮಿಕ ರಕ್ಷಣೆ ತಪ್ಪಿಹೋಯಿತು. ಒಂದು ದಿನ ಸರಿಯಾಗಿ ಕಟ್ಟಿದ ಪ್ರೋಗ್ರಾಮು ಮರುದಿನ ಕಟ್ಟುವುದಿಲ್ಲ. ಮೂರನೆಯ ದಿನ ಯಾರೂ ಏನೂ ಮಾಡದೆ ಮತ್ತೆ ಸರಿಹೋಗುತ್ತದೆ. ಹೀಗೆ ಬಂದು ಹೋಗುವ ದೋಷವನ್ನು ಹಿಡಿಯುವುದು ಬಹು ಕಷ್ಟ. ೨೦೨೨ರಲ್ಲಿ ಹೊರಬಂದ ಗ್ನು ಮೇಕಿನ ೪.೪ನೆಯ ಆವೃತ್ತಿ ಇದಕ್ಕೊಂದು ಜಾಣ್ಮೆಯ ಉಪಾಯವನ್ನು ಒದಗಿಸಿತು. ಅವಲಂಬನೆಗಳ ಕ್ರಮವನ್ನು ಇಸ್ಪೀಟೆಲೆಗಳಂತೆ ಬೇಕೆಂದೇ ಕಲಸಿ ನಡೆಸಲು ಅದಕ್ಕೆ ಹೇಳಬಹುದು. ಸಂಬಂಧಗಳನ್ನೆಲ್ಲ ಸರಿಯಾಗಿ ಬರೆದಿದ್ದರೆ ಎಷ್ಟು ಕಲಸಿದರೂ ಫಲ ಒಂದೇ. ಯಾವುದನ್ನಾದರೂ ಬಿಟ್ಟಿದ್ದರೆ ಬೇಗನೆ ಸಿಕ್ಕಿಬೀಳುತ್ತದೆ. ಕಲಸಿದ ಕ್ರಮದ ಸಂಖ್ಯೆಯನ್ನೂ ಅದು ತಿಳಿಸುವುದರಿಂದ, ದೋಷವನ್ನು ಅದೇ ಕ್ರಮದಲ್ಲಿ ಮತ್ತೆ ಬರಿಸಿ ಪರೀಕ್ಷಿಸಬಹುದು.

೭

ಈಗ ನಾವು ಈ ಚರಿತ್ರೆಯ ಅತ್ಯಂತ ಗುರುತರವಾದ ಪ್ರಶ್ನೆಗೆ ಬರುತ್ತೇವೆ. ಮುಕ್ತ ತಂತ್ರಾಂಶದ ಪಕ್ಷಪಾತಿಗಳ ಮುಖ್ಯವಾದ ವಾದವೆಂದರೆ, ಮೂಲಪಾಠವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದೆಂಬುದು. ಆದರೆ ಜನರು ನಡೆಸುವುದು ಮೂಲಪಾಠವನ್ನಲ್ಲ, ಅದರಿಂದ ಕಟ್ಟಿದ ಪ್ರೋಗ್ರಾಮನ್ನು. ಎರಡಕ್ಕೂ ನಡುವೆ ನಿಂತಿರುವುದು ನಿರ್ಮಾಣಸಾಧನ. ಆ ನಡುವಣ ಕೊಂಡಿ ನಂಬಿಕೆಗೆ ಯೋಗ್ಯವಲ್ಲದಿದ್ದರೆ ಮೂಲಪಾಠವನ್ನು ಓದಿದ್ದರಿಂದ ಬಂದ ಪ್ರಯೋಜನವೇನು? ಯೂನಿಕ್ಸಿನ ಕರ್ತೃಗಳಲ್ಲೊಬ್ಬರಾದ ಕೆನ್ ಥಾಮ್ಸನ್ ಈ ಸಂದೇಹವನ್ನು ೧೯೮೪ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಎತ್ತಿದ್ದರು. ಕಂಪೈಲರೇ ಗುಟ್ಟಾಗಿ ಕಳ್ಳಬಾಗಿಲನ್ನು ಸೇರಿಸುವಂತೆಯೂ, ಆ ಗುಣವನ್ನು ಮುಂದಿನ ಕಂಪೈಲರಿಗೆ ದಾಟಿಸುವಂತೆಯೂ ಮಾಡಬಹುದು. ಆಗ ಯಾವ ಮೂಲಪಾಠದಲ್ಲಿಯೂ ಅದರ ಕುರುಹು ಇರದು ಎಂದು ಅವರು ತೋರಿಸಿದರು.

ಈ ಸಂದೇಹಕ್ಕೆ ಒಂದು ಪರಿಹಾರವೆಂದು ಡೆಬಿಯನ್ ಯೋಜನೆಯವರು ೨೦೧೩ರಿಂದ ಈಚೆಗೆ ಪುನರುತ್ಪಾದ್ಯ ನಿರ್ಮಾಣ ಎನ್ನಬಹುದಾದ ಕಾರ್ಯವನ್ನು ಕೈಕೊಂಡರು. ಒಂದೇ ಮೂಲಪಾಠದಿಂದ ಇಬ್ಬರು ಬೇರೆ ಬೇರೆ ಕಡೆ ಕಟ್ಟಿದ ಪ್ರೋಗ್ರಾಮುಗಳು ಕೊನೆಯ ಅಂಶದವರೆಗೂ ಒಂದೇ ಆಗಿರಬೇಕೆಂಬುದು ಅದರ ಧ್ಯೇಯ. ಕಟ್ಟಿದ ದಿನಾಂಕ, ಕೋಶದ ಹೆಸರು, ಫೈಲುಗಳನ್ನು ಓದಿದ ಕ್ರಮ ಮೊದಲಾದ ಕ್ಷುಲ್ಲಕ ಸಂಗತಿಗಳೇ ಇದಕ್ಕೆ ಅಡ್ಡಬಂದುವು. ಇವು ಸಹ ಬರೆಯದೆ ಬಿಟ್ಟ ಅವಲಂಬನೆಗಳೇ ಅಲ್ಲವೆ?

೨೦೨೪ರ ಮಾರ್ಚ್ ೨೯ರಂದು ಈ ಸಂದೇಹ ಪ್ರತ್ಯಕ್ಷವಾಯಿತು. ಫೈಲುಗಳನ್ನು ಕುಗ್ಗಿಸಿಡುವ ಎಕ್ಸ್‌ಜೆಡ್ ಎಂಬ ಮುಕ್ತ ತಂತ್ರಾಂಶದ ೫.೬.೦ ಮತ್ತು ೫.೬.೧ನೆಯ ಆವೃತ್ತಿಗಳಲ್ಲಿ ಕಳ್ಳಬಾಗಿಲಿದೆಯೆಂದು ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರು ಆ ದಿನ ಪ್ರಕಟಿಸಿದರು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ವಿಳಂಬವಾಗುತ್ತಿದ್ದುದು ಅವರ ಗಮನವನ್ನು ಸೆಳೆದಿತ್ತು. ಕಲ್ಪಿತ ಹೆಸರಿನಿಂದ ಕೆಲವು ವರ್ಷಗಳ ಕಾಲ ಒಳ್ಳೆಯ ಕೆಲಸವನ್ನೇ ಮಾಡಿ ವಿಶ್ವಾಸವನ್ನು ಗಳಿಸಿಕೊಂಡವರು ಇದನ್ನು ಸೇರಿಸಿದ್ದರು. ಸೇರಿಸಿದ ರೀತಿಯೇ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ದುಷ್ಟವಾದ ಭಾಗವು ಪರೀಕ್ಷೆಗಾಗಿ ಇಟ್ಟ ಫೈಲುಗಳ ವೇಷದಲ್ಲಿತ್ತು. ಅದನ್ನು ಹೊರತೆಗೆದು ನಿರ್ಮಾಣದೊಳಕ್ಕೆ ಸೇರಿಸುವ ಸಾಲುಗಳು ಎಂ೪ ಭಾಷೆಯ ಫೈಲೊಂದರಲ್ಲಿದ್ದುವು. ಆ ಸಾಲುಗಳು ಸಾರ್ವಜನಿಕ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಯ ಗಂಟಿನಲ್ಲಿ ಮಾತ್ರ ಇದ್ದುವು. ಕಾನ್ಫಿಗರ್ ಆಜ್ಞಾಪತ್ರವು ನಡೆಯುವಾಗ ಮೇಕ್‌ಫೈಲನ್ನು ತಿದ್ದಿ, ಮೇಕಿನ ಕೈಯಿಂದಲೇ ವಿಷವನ್ನು ಬೆರೆಸಿತು. ಮೇಕ್ ಎಂದಿನಂತೆ ಬರೆದದ್ದನ್ನು ನಂಬಿ ನಡೆಯಿತು.

ಹಲವು ಲಿನಕ್ಸ್ ವಿತರಣೆಗಳ ಪರೀಕ್ಷಾರ್ಥ ಆವೃತ್ತಿಗಳಲ್ಲಿ ಅದು ಸೇರಿದ್ದರೂ, ಪ್ರಮುಖವಾದ ಸ್ಥಿರ ಆವೃತ್ತಿಗಳಿಗೆ ಹರಡುವ ಮೊದಲೇ ತಡೆಯಲಾಯಿತು. ಇಲ್ಲಿ ಪುನರುತ್ಪಾದ್ಯ ನಿರ್ಮಾಣವೊಂದೇ ಸಾಲುತ್ತಿರಲಿಲ್ಲವೆಂಬುದನ್ನು ಗಮನಿಸಬೇಕು. ವಿಷವಿರುವ ಗಂಟಿನಿಂದ ಎಷ್ಟು ಜನ ಕಟ್ಟಿದರೂ ಒಂದೇ ವಿಷಫಲ ಬರುತ್ತಿತ್ತು. ಭಂಡಾರದ ಪಾಠವನ್ನೂ ಗಂಟಿನ ಪಾಠವನ್ನೂ ಕೂಡಿಸಿ ನೋಡಿದ್ದರೆ ಭೇದವು ತಿಳಿಯುತ್ತಿತ್ತು. ಮೂವತ್ತು ವರ್ಷಗಳ ರೂಢಿಯಿಂದಾಗಿ ಆ ಎರಡು ಪಾಠಗಳಲ್ಲಿ ಭೇದವಿರುವುದು ಸಹಜವೆಂದು ಎಲ್ಲರೂ ತಿಳಿದಿದ್ದರು. ತಾಮ್ರಶಾಸನಗಳನ್ನು ಪರಿಶೀಲಿಸುವವರಿಗೆ ಈ ಪಾಠ ಚೆನ್ನಾಗಿ ಗೊತ್ತು: ಕೂಟಶಾಸನವನ್ನು ಕೊರೆಯಿಸುವವನು ಎಲ್ಲರೂ ಓದುವ ದಾನದ ಭಾಗಕ್ಕಿಂತಲೂ ಯಾರೂ ಸಂಶಯಿಸದ ರೂಢಿಯ ಮಾತುಗಳನ್ನೇ ಹೆಚ್ಚಾಗಿ ಆಶ್ರಯಿಸುತ್ತಾನೆ.

೮

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮರೆವಿಗೆ ಮದ್ದಾಗಿ ಹುಟ್ಟಿದ ಮೇಕ್ ಮನುಷ್ಯನ ನೆನಪನ್ನು ಬರೆಹಕ್ಕೆ ಇಳಿಸಿತು. ಆ ಬರೆಹದಲ್ಲಿ ಬಿಟ್ಟುಹೋದದ್ದೇ ಮುಂದಿನ ದೋಷಗಳಿಗೆ ಮನೆಯಾಯಿತು. ಹೆಡರುಗಳ ಪಟ್ಟಿ, ಒಂದೇ ಮೇಕಿಗೆ ಇಡೀ ಜಾಲವನ್ನು ತಿಳಿಸುವ ಕ್ರಮ, ಪಾಠದ ಮುದ್ರೆ, ಪ್ರತ್ಯೇಕ ಆವರಣ, ಕ್ರಮವನ್ನು ಕಲಸುವ ಪರೀಕ್ಷೆ, ಪುನರುತ್ಪಾದ್ಯ ನಿರ್ಮಾಣ, ಇವೆಲ್ಲ ಒಂದೇ ದಾರಿಯಲ್ಲಿ ಇಟ್ಟ ಹೆಜ್ಜೆಗಳು. ಆದರೆ ೨೦೨೪ರ ಘಟನೆಯಿಂದ ಇನ್ನೊಂದು ವಿಷಯ ಸಿದ್ಧವಾಗುತ್ತದೆ. ಬರೆದಿಟ್ಟರೆ ಸಾಲದು, ಬರೆದದ್ದನ್ನು ಓದುವವರೂ ಇರಬೇಕು. ಯಂತ್ರವು ಯಂತ್ರಕ್ಕಾಗಿ ಬರೆದ ಸಹಸ್ರಾರು ಸಾಲುಗಳು ಬಹಿರಂಗವಾಗಿದ್ದ ಮಾತ್ರಕ್ಕೆ ಪರೀಕ್ಷಿತವಾದಂತಾಗಲಿಲ್ಲ.

ಅಧ್ಯಾಪಕರಲ್ಲಿ ನಮ್ಮದೊಂದು ವಿಜ್ಞಾಪನೆ. ಕಾಲೇಜುಗಳಲ್ಲಿ ಪ್ರೋಗ್ರಾಮಿಂಗನ್ನು ಬೋಧಿಸುವಾಗ ಒಂದು ಗುಂಡಿಯನ್ನೊತ್ತಿ ಪ್ರೋಗ್ರಾಮನ್ನು ನಡೆಸುವುದಷ್ಟನ್ನೇ ಕಲಿಸಿದರೆ, ವಿದ್ಯಾರ್ಥಿಗೆ ಈ ನಡುವಣ ಕೆಲಸದ ಅರಿವೇ ಆಗುವುದಿಲ್ಲ. ನಾಲ್ಕು ಫೈಲುಗಳ ಸಣ್ಣ ಪ್ರೋಗ್ರಾಮಿಗೆ ಮೇಕ್‌ಫೈಲನ್ನು ಕೈಯಿಂದ ಬರೆಯಿಸಿ, ಅದರಿಂದ ಒಂದು ಅವಲಂಬನೆಯನ್ನು ಬೇಕೆಂದೇ ತೆಗೆದುಹಾಕಿ, ಹೆಡರನ್ನು ತಿದ್ದಿಸಿ, ಹುಟ್ಟುವ ದೋಷವನ್ನು ಹುಡುಕಲು ಬಿಡಬಹುದು. ಸರಿಯಾದ ಮೂಲಪಾಠದಿಂದಲೂ ತಪ್ಪು ಪ್ರೋಗ್ರಾಮು ಹುಟ್ಟಬಲ್ಲದೆಂಬುದನ್ನು ಒಮ್ಮೆ ಸ್ವತಃ ಕಂಡ ವಿದ್ಯಾರ್ಥಿಯು, ಮುಂದೆ ಯಾವ ಪ್ರತಿಯನ್ನು ಕೈಗೆತ್ತಿಕೊಂಡರೂ ಅದು ಯಾವ ಮಾತೃಕೆಯಿಂದ, ಯಾರ ಕೈಯಿಂದ, ಯಾವ ದಾರಿಯಿಂದ ಬಂದಿತೆಂದು ಕೇಳುವುದನ್ನು ಕಲಿಯುತ್ತಾನೆ. ಚರಿತ್ರೆಯ ವ್ಯಾಸಂಗಕ್ಕೂ ತಂತ್ರಾಂಶದ ವ್ಯಾಸಂಗಕ್ಕೂ ಆ ಪ್ರಶ್ನೆ ಸಮಾನವಾದದ್ದು.